ಮನೆತುಂಬ ಜೂಲಿಯಾ

ಜೂಲಿಯಸ್ ಸೀಸರನ ಒಡಹುಟ್ಟಿದ ಹೆಣ್ಣುಮಕ್ಕಳು ಇಬ್ಬರು. ಇಬ್ಬರ ಹೆಸರೂ ಜೂಲಿಯಾ. ಅವನ ಮಗಳೂ ಜೂಲಿಯಾ, ಸೋದರತ್ತೆಯೂ ಜೂಲಿಯಾ!

ಇದು ಹೆಸರುಗಳ ಬರವಲ್ಲ, ರೋಮನ್ನರ ಪದ್ಧತಿ. ಗಾಯಸ್ ಜೂಲಿಯಸ್ ಸೀಸರ್ ಎಂಬಲ್ಲಿ ಗಾಯಸ್ ಅವನ ಸ್ವಂತ ಹೆಸರು, ಜೂಲಿಯಸ್ ಕುಲನಾಮ, ಸೀಸರ್ ಮನೆತನದ ಅಡ್ಡಹೆಸರು. ಹೆಣ್ಣುಮಗುವಿಗೆ ಸಾಮಾನ್ಯವಾಗಿ ದಕ್ಕುತ್ತಿದ್ದುದು ಕುಲನಾಮದ ಸ್ತ್ರೀಲಿಂಗ ರೂಪ ಮಾತ್ರ. ಕಾರ್ನೇಲಿಯಸ್ ಕುಲದವಳು ಕಾರ್ನೇಲಿಯಾ, ಕ್ಲಾಡಿಯಸ್ ಕುಲದವಳು ಕ್ಲಾಡಿಯಾ. ಅಕ್ಕತಂಗಿಯರಿದ್ದರೆ ಹಿರಿಯಳು, ಕಿರಿಯಳು ಎಂದು ಗುರುತಿಸುತ್ತಿದ್ದರು. ‘ಟೆರ್ಷಿಯಾ’ ಎಂದರೂ ಅಷ್ಟೇ, ಮೂರನೆಯವಳು.

ಕುಲನಾಮಗಳ ಅರ್ಥವೂ ಸದಾ ಮಂಗಳಕರವಲ್ಲ. ಕ್ಲಾಡಿಯಾ ಹೆಸರಿನ ಮೂಲವನ್ನು ಕುಂಟ ಎಂಬರ್ಥದ ಲ್ಯಾಟಿನ್ ಪದದಲ್ಲೂ, ಸಿಸಿಲಿಯಾ ಹೆಸರಿನದನ್ನು ಕುರುಡ ಎಂಬರ್ಥದ ಪದದಲ್ಲೂ ಗುರುತಿಸುತ್ತಾರೆ. ಆದರೆ ಸಂತ ಸಿಸಿಲಿಯಾ ಸಂಗೀತದ ಪೋಷಕಿಯೆಂದು ಪೂಜ್ಯಳಾದ ಮೇಲೆ ಆ ಅರ್ಥವನ್ನು ನೆನೆಯುವವರಾರು? ಮಂಗಳೂರಿನ ಕ್ರೈಸ್ತ ಮನೆಗಳಲ್ಲೂ ಸಿಸಿಲಿಯಾ ಎಂಬವರಿದ್ದಾರೆ. ಜೊತೆಗೆ ‘ಗೆಲ್ಲುವವನು’ ಎಂಬರ್ಥದ ವಿನ್ಸೆಂಟ್, ‘ಚಿಕ್ಕವನು’ ಎಂಬರ್ಥದ ಪಾವ್ಲ್ ಇದ್ದಾರೆ.

ಎರಡು ಸಾವಿರ ವರ್ಷಗಳ ಹಿಂದೆ ಜೂಲಿಯಾ ಎಂದರೆ ಇಂಥ ಕುಲದವಳು ಎಂದಷ್ಟೇ ಅರ್ಥ. ಇಂದು ಅದು ಹೆತ್ತವರು ಮಗಳಿಗಾಗಿಯೇ ಆರಿಸಿ ಇಡುವ ಹೆಸರು. ಶಬ್ದ ಹಳೆಯದೇ; ಅದು ಹೆಣ್ಣಿನ ಸ್ವಂತದ್ದಾದುದು ಆಮೇಲೆ.