ಹೊರಡಲೊಲ್ಲದ ಮೋಟಾರ್ ಸೈಕಲ್ಲು

ಮುಂಬಯಿಯ ಮಳೆಗಾಲವನ್ನು ಕಂಡವರಿಗೆ ಈ ನೋಟವು ಹೊಸದಲ್ಲ. ರಾತ್ರಿಯೆಲ್ಲ ಮಳೆ ಸುರಿದಿರುತ್ತದೆ. ಬೆಳಗಾಗುತ್ತಲೇ ಯಾರೋ ಒಬ್ಬರು ಅಂಗಳದಲ್ಲಿ ಮೋಟಾರ್ ಸೈಕಲ್ಲಿನ ಕಿಕ್ಕನ್ನು ತುಳಿಯತೊಡಗುತ್ತಾರೆ. ಹತ್ತು ಸಲ ತುಳಿದದ್ದಾಯಿತು, ಇಪ್ಪತ್ತು ಸಲ ತುಳಿದದ್ದಾಯಿತು. ಗಾಡಿಯು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ತುಳಿಯುವವರ ಮುಖ ಕೆಂಪಾಗುತ್ತದೆ. ನೋಡುವವರ ಬಾಯಿಂದ ಸಲಹೆಗಳು ಉದುರುತ್ತವೆ.

ಕಳೆದ ಆಷಾಢದಲ್ಲಿ ನಮ್ಮ ಚಾಳಿನ ಅಂಗಳದಲ್ಲಿಯೂ ಇಂಥದೇ ಪ್ರಸಂಗ ನಡೆಯಿತು. ನೆರೆಮನೆಯ ತರುಣನೊಬ್ಬನು ಮನೆಮನೆಗೆ ಸಾಮಾನು ತಲುಪಿಸಿ ಜೀವಿಸುವವನು. ಗಾಡಿ ಹೊರಟರೆ ಅವನಿಗೆ ಆ ದಿನದ ಗಳಿಕೆ, ಹೊರಡದಿದ್ದರೆ ಇಲ್ಲ. ಅಂದು ಒಬ್ಬರು "ಪ್ಲಗ್ಗು ಹೋಗಿದೆ" ಎಂದರು. ಅವನು ಓಡಿಹೋಗಿ ಹೊಸ ಪ್ಲಗ್ಗನ್ನು ತಂದು ಹಾಕಿದನು, ಗಾಡಿ ಹೊರಡಲಿಲ್ಲ. ಮತ್ತೊಬ್ಬರು "ಬ್ಯಾಟರಿ ಸತ್ತಿದೆ" ಎಂದರು. ಬ್ಯಾಟರಿಗೆ ಹಣವನ್ನು ಎಲ್ಲಿಂದ ತರಲೆಂದು ಅವನು ಚಿಂತಿಸುತ್ತಿರುವಾಗ, ಬಹುಕಾಲ ಗ್ಯಾರೇಜಿನಲ್ಲಿ ದುಡಿದು ಈಗ ವಿಶ್ರಾಂತರಾಗಿರುವ ಹಿರಿಯರೊಬ್ಬರು ಮಹಡಿಯಿಂದ ಇಳಿದು ಬಂದರು. ಚಾಳಿನವರೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು.

"ರೋಗ ಯಾವುದೆಂದು ತಿಳಿಯದೆ ಔಷಧಿ ಕೊಡಬಹುದೇನಪ್ಪಾ?" ಎಂದು ಕೇಳಿ ಅವರು ಗಾಡಿಯ ಪಕ್ಕದಲ್ಲಿ ಕುಳಿತರು. ಅನಂತರ ಅವರು ಮಾಡಿದ ಪರೀಕ್ಷೆಯನ್ನು ನಮ್ಮ ವಿದ್ಯಾರ್ಥಿಮಿತ್ರರಿಗೆ ವಿವರಿಸಬೇಕೆಂಬುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಇಂಜಿನ್ನಿನ ಕಾರ್ಯಕ್ರಮವನ್ನು ಸ್ವಲ್ಪ ತಿಳಿದುಕೊಳ್ಳೋಣ.

ಪೆಟ್ರೋಲ್ ಇಂಜಿನ್ನು ಓಡಬೇಕಾದರೆ ಮೂರು ವಸ್ತುಗಳು ಅವಶ್ಯಕ. ಮೊದಲನೆಯದು ಆಹಾರ, ಎಂದರೆ ತಕ್ಕ ಪ್ರಮಾಣದಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲು. ಶುದ್ಧ ಪೆಟ್ರೋಲಾದರೆ ಅದರ ಒಂದು ಭಾಗಕ್ಕೆ ತೂಕದಲ್ಲಿ ಸುಮಾರು ೧೫ ಭಾಗ ಗಾಳಿ ಬೇಕು. ಎರಡನೆಯದು ಒತ್ತಡ: ಸಿಲಿಂಡರಿನೊಳಗೆ ಪಿಸ್ಟನ್ನು ಮೇಲಕ್ಕೇರಿ ಆ ಮಿಶ್ರಣವನ್ನು ಬಿಗಿಯಾಗಿ ಅಮುಕಬೇಕು. ಮೂರನೆಯದು ಬೆಂಕಿ: ಅಮುಕಿದ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಪ್ಲಗ್ಗಿನ ಕಿಡಿ ತಗುಲಬೇಕು. ಈ ಮೂರೂ ಕೂಡಿದರೆ ಇಂಜಿನ್ನು ಓಡಲೇಬೇಕು. ಅದು ಓಡದಿದ್ದರೆ, ಮೂರರಲ್ಲಿ ಒಂದಾದರೂ ತಪ್ಪಿರಲೇಬೇಕು. ಆದುದರಿಂದ ಊಹೆ ಮಾಡುತ್ತ ಕೂಡದೆ, ಒಂದೊಂದನ್ನೇ ಕೇಳುತ್ತ ಹೋದರೆ ದೋಷವು ತಾನಾಗಿಯೇ ಬೆಳಕಿಗೆ ಬರುವುದು.

ಕಾಕಾ ಮೊದಲು ಬಿಡಿಭಾಗಗಳನ್ನು ಮುಟ್ಟಲೇ ಇಲ್ಲ. ಖರ್ಚಿಲ್ಲದ ಪ್ರಶ್ನೆಗಳನ್ನು ಕೇಳಿದರು. ಕೀಲಿ ತಿರುಗಿಸಿದೆಯೇ? ಹಿಡಿಕೆಯ ಬಳಿಯಲ್ಲಿ ಇಂಜಿನ್ನನ್ನು ನಿಲ್ಲಿಸುವ ಕೆಂಪು ಸ್ವಿಚ್ಚಿದ್ದರೆ, ಅದು ಓಡುವ ಕಡೆಗಿದೆಯೇ? ಟಾಕಿಯಲ್ಲಿ ಪೆಟ್ರೋಲಿದೆಯೇ? ಟಾಕಿಯ ಕೆಳಗಿನ ಕಾಕ್ ತೆರೆದಿದೆಯೇ? ಎಷ್ಟೋ ಗಾಡಿಗಳ "ರೋಗ"ವು ಇಲ್ಲಿಯೇ ಗುಣವಾಗುವುದುಂಟು. ಕೊನೆಯಲ್ಲಿ ಅವರು, "ನಿನ್ನೆ ಹೇಗೆ ಓಡಿತು? ರಾತ್ರಿ ಎಲ್ಲಿ ನಿಲ್ಲಿಸಿದ್ದೆ?" ಎಂದು ವಿಚಾರಿಸಿದರು. "ಚೆನ್ನಾಗಿ ಓಡಿತು ಕಾಕಾ. ರಾತ್ರಿ ಇಲ್ಲಿಯೇ ನಿಂತಿತ್ತು, ಮಳೆಯಲ್ಲಿ" ಎಂದನು ತರುಣ. ಈ ಉತ್ತರವನ್ನು ಓದುಗರು ನೆನಪಿನಲ್ಲಿಡಬೇಕು. ನಿನ್ನೆ ಸಂಜೆ ಸರಿಯಾಗಿದ್ದ ಯಂತ್ರವು ಇಂದು ಬೆಳಗ್ಗೆ ಕೆಟ್ಟಿದ್ದರೆ, ನಡುವೆ ಏನು ಬದಲಾಯಿತೆಂಬುದೇ ನಿಜವಾದ ಪ್ರಶ್ನೆ.

ಬಳಿಕ ಅವರು ಹಾರ್ನನ್ನು ಒತ್ತಿದರು. ಧ್ವನಿಯು ಗಟ್ಟಿಯಾಗಿಯೇ ಹೊರಟಿತು. ಬ್ಯಾಟರಿಯು ಸತ್ತಿರಲಿಲ್ಲ! ಸ್ಟಾರ್ಟರಿನ ಗುಂಡಿ ಇರುವ ಗಾಡಿಯಲ್ಲಿ, ಒತ್ತಿದಾಗ ಬರಿಯ ಟಿಕ್ ಟಿಕ್ ಸದ್ದಾಗಿ ದೀಪಗಳು ಮಂಕಾದರೆ ಬ್ಯಾಟರಿಯ ಮೇಲೆ ಸಂಶಯಪಡಬೇಕು. ೧೨ ವೋಲ್ಟಿನ ಬ್ಯಾಟರಿಯು ಪೂರ್ತಿ ತುಂಬಿದ್ದರೆ ಮೀಟರು ಸುಮಾರು ೧೨.೬ ವೋಲ್ಟನ್ನು ತೋರಿಸುತ್ತದೆ. ೧೨ಕ್ಕಿಂತ ಕೆಳಗಿಳಿದಿದ್ದರೆ ಅದು ಸೊರಗಿದೆಯೆಂದೇ ತಿಳಿಯಬೇಕು. ಹೀಗೆ ಒಂದು ನಿಮಿಷದ ಪರೀಕ್ಷೆಯಿಂದ ಆ ತರುಣನಿಗೆ ಹೊಸ ಬ್ಯಾಟರಿಯ ಹಣ ಉಳಿಯಿತು.

ಎರಡನೆಯದಾಗಿ ಒತ್ತಡದ ಪರೀಕ್ಷೆ. ಕಾಕಾ ಕಿಕ್ಕನ್ನು ಕೈಯಿಂದಲೇ ಮೆಲ್ಲನೆ ಒತ್ತಿದರು. ಒಂದು ಹಂತದಲ್ಲಿ ಅದು ಬಿಗಿಯಾಗಿ ಎದುರು ನಿಂತಿತು. ಸಿಲಿಂಡರಿನೊಳಗೆ ಗಾಳಿಯು ಸೋರದೆ ಅಮುಕಲ್ಪಡುತ್ತಿದೆಯೆಂಬುದಕ್ಕೆ ಇದೇ ಗುರುತು. ಕಿಕ್ಕು ಎಲ್ಲಿಯೂ ತಡೆಯಿಲ್ಲದೆ ಸಡಿಲವಾಗಿ ಇಳಿದಿದ್ದರೆ, ವಾಲ್ವುಗಳನ್ನೋ ಪಿಸ್ಟನ್ನಿನ ಉಂಗುರಗಳನ್ನೋ ನೋಡಬೇಕಾಗುತ್ತಿತ್ತು; ಅದು ಗ್ಯಾರೇಜಿನ ಕೆಲಸ.

ಮೂರನೆಯದು ಕಿಡಿ. ಪೆಟ್ರೋಲಿನ ಕಾಕನ್ನು ಮುಚ್ಚಿ, ಪ್ಲಗ್ಗನ್ನು ಬಿಚ್ಚಿ, ಅದನ್ನು ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿ, ಬಿಚ್ಚಿದ ರಂಧ್ರದಿಂದ ದೂರದಲ್ಲಿಟ್ಟು ಕಿಕ್ಕನ್ನು ತುಳಿಸಿದರು. ಚಟ್ಟೆಂದು ನೀಲಿ ಕಿಡಿ ಹಾರಿತು. ಇಲ್ಲಿ ಎಚ್ಚರಿಕೆಯ ಒಂದು ಮಾತು: ಈ ಕಿಡಿಯ ಹಿಂದೆ ಹತ್ತು ಸಾವಿರ ವೋಲ್ಟಿಗೂ ಮಿಗಿಲಾದ ವಿದ್ಯುತ್ತಿರುತ್ತದೆ, ಮತ್ತು ಪೆಟ್ರೋಲಿನ ಆವಿಯು ಕ್ಷಣಮಾತ್ರದಲ್ಲಿ ಹೊತ್ತಿಕೊಳ್ಳುತ್ತದೆ. ಬಲ್ಲ ಹಿರಿಯರಿಲ್ಲದೆ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಎಂದಿಗೂ ಮಾಡಲಾಗದು.

ಪ್ಲಗ್ಗಿನ ತುದಿಯೇ ಒಂದು ಪತ್ರವಿದ್ದಂತೆ. ಬಲ್ಲವರು ಅದನ್ನು ಓದಬಲ್ಲರು. ತಿಳಿಗಂದು ಬಣ್ಣವಿದ್ದರೆ ಇಂಜಿನ್ನು ಸುಸ್ಥಿತಿಯಲ್ಲಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಗಾಳಿಯ ಜಾಲರಿ ಕಟ್ಟಿಕೊಂಡಿದೆ. ಬಹಳ ಸಲ ತುಳಿದ ಮೇಲೆಯೂ ತುದಿಯು ಒಣಗಿಯೇ ಇದ್ದರೆ ಪೆಟ್ರೋಲು ಸಿಲಿಂಡರನ್ನು ಸೇರುತ್ತಲೇ ಇಲ್ಲ. ಪೆಟ್ರೋಲಿನಿಂದ ತೊಯ್ದಿದ್ದರೆ ಅದು ಅತಿಯಾಗಿ ನುಗ್ಗಿದೆ. ಅಂಥಲ್ಲಿ ಪ್ಲಗ್ಗನ್ನು ಒರಸಿ ಹಾಕಿ, ಆಕ್ಸಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ನಾಲ್ಕಾರು ಸಲ ತುಳಿದರೆ ಸಾಕಾಗುವುದು. ಈ ಗಾಡಿಯ ಹೊಸ ಪ್ಲಗ್ಗು ಒದ್ದೆಯಾಗಿತ್ತು; ಆದರೆ ಮೂಸಿದಾಗ ಪೆಟ್ರೋಲಿನ ತೀಕ್ಷ್ಣವಾದ ವಾಸನೆ ಇರಲಿಲ್ಲ.

ಒತ್ತಡವಿದೆ, ಕಿಡಿಯಿದೆ, ಹಾಗಾದರೆ ಉಳಿದದ್ದು ಆಹಾರವೊಂದೇ. ಕಾಕಾ ಕಾರ್ಬ್ಯುರೇಟರಿನ ಕೆಳಬಟ್ಟಲಿನ ತಿರುಪನ್ನು ಸಡಿಲಿಸಿ, ಒಳಗಿದ್ದುದನ್ನು ಒಂದು ಗಾಜಿನ ಸೀಸೆಗೆ ಇಳಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಸೀಸೆಯಲ್ಲಿ ಎರಡು ಪದರಗಳು ಬೇರೆಬೇರೆಯಾಗಿ ಕಂಡವು. ಮೇಲಿನದು ಪೆಟ್ರೋಲು; ಕೆಳಗಿನದು ನೀರು ಸೇರಿದ ದ್ರವ. ಟಾಕಿಯ ಬಾಯಿಯ ಬಳಿ ಮಳೆನೀರು ಹರಿದುಹೋಗಲೆಂದು ಒಂದು ಸಣ್ಣ ರಂಧ್ರವಿರುತ್ತದೆ. ಈ ಗಾಡಿಯಲ್ಲಿ ಅದು ಧೂಳಿನಿಂದ ಮುಚ್ಚಿಹೋಗಿತ್ತು. ಹೊರಹೋಗಲು ದಾರಿಯಿಲ್ಲದ ನೀರು ರಾತ್ರಿಯೆಲ್ಲ ಹನಿಹನಿಯಾಗಿ ಟಾಕಿಯೊಳಗೆ ಇಳಿದಿತ್ತು.

ಪೆಟ್ರೋಲು ನೀರಿಗಿಂತ ಹಗುರ. ಅದರ ಒಂದು ಲೀಟರು ಮುಕ್ಕಾಲು ಕಿಲೋಗ್ರಾಮಿನಷ್ಟು ಮಾತ್ರ ತೂಗುವುದು. ಆದುದರಿಂದ ನೀರು ತಳಕ್ಕೆ ಸೇರುತ್ತದೆ. ಇಂಜಿನ್ನಿಗೆ ಹೋಗುವ ದಾರಿಯೂ ತಳದಲ್ಲಿಯೇ ಇದೆ. ಇಂದು ನಮ್ಮ ದೇಶದ ಪೆಟ್ರೋಲಿನಲ್ಲಿ ೧೦೦ಕ್ಕೆ ೨೦ ಭಾಗದವರೆಗೂ ಎಥನಾಲನ್ನು ಬೆರೆಸಿರುತ್ತಾರೆ. ಎಥನಾಲು ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಮಿತಿಮೀರಿದಾಗ ಅವೆರಡೂ ಜೊತೆಯಾಗಿ ಪೆಟ್ರೋಲನ್ನು ಬಿಟ್ಟು ಕೆಳಗಿಳಿಯುತ್ತವೆ. ಟಾಕಿಯನ್ನು ಬರಿದುಮಾಡಿ, ಒಣಗಿಸಿ, ರಂಧ್ರವನ್ನು ತಂತಿಯಿಂದ ಬಿಡಿಸಿ, ಹೊಸ ಪೆಟ್ರೋಲನ್ನು ಹಾಕಿ, ಪ್ಲಗ್ಗನ್ನು ಒಣಗಿಸಿ ಬಿಗಿದು, ಚೋಕನ್ನು ಎಳೆದು ತುಳಿದಾಗ ಮೂರನೆಯ ಸಲಕ್ಕೇ ಗಾಡಿ ಹೊರಟಿತು. ಹಳೆಯ ಪ್ಲಗ್ಗನ್ನು ತರುಣನು ಒರಸಿ ಜೇಬಿಗೆ ಹಾಕಿಕೊಂಡನು. ಅದಕ್ಕೆ ಯಾವ ದೋಷವೂ ಇರಲಿಲ್ಲ.

ಬೇರೆ ಗಾಡಿಗಳಿಗೆ ಈ ಕ್ರಮವು ಸಲ್ಲುವುದೇ ಎಂದು ಕೇಳಬಹುದು. ೧೮೮೫ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೈಬಾಕ್ ಎಂಬವರು ನಿರ್ಮಿಸಿದ ಪೆಟ್ರೋಲ್ ಮೋಟಾರ್ ಸೈಕಲ್ಲಿನಲ್ಲಿ ಕಿಡಿಯ ಬದಲು ಕಾಯಿಸಿದ ಕೊಳವೆಯೊಂದು ಬೆಂಕಿಯನ್ನು ಒದಗಿಸುತ್ತಿತ್ತು. ೧೯೬೧ರಿಂದ ೧೯೯೬ರವರೆಗೆ ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ದಿ ಗಾಡಿಗಳಿಗೆ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಬೇಕಾಗಿತ್ತು. ೨೦೨೦ರ ಏಪ್ರಿಲಿನಲ್ಲಿ ಹೊಗೆಯ ಬಗೆಗಿನ ಹೊಸ ನಿಯಮಗಳು ಬಂದ ಮೇಲೆ, ಹೊಸ ಗಾಡಿಗಳಲ್ಲಿ ಬಹುಮಟ್ಟಿಗೆ ಕಾರ್ಬ್ಯುರೇಟರು ಹೋಗಿ ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಟರು ಬಂದಿದೆ. ಇಂಥ ಗಾಡಿಯಲ್ಲಿ ಕೀಲಿ ತಿರುಗಿಸಿದೊಡನೆ ಸಾಮಾನ್ಯವಾಗಿ ಪಂಪಿನ ಸಣ್ಣ ಗುಂಯ್ ಸದ್ದು ಒಂದೆರಡು ಸೆಕೆಂಡು ಕೇಳಬೇಕು; ಕೇಳದಿದ್ದರೆ ಮೊದಲು ಫ್ಯೂಸನ್ನು ನೋಡಬೇಕು. ಅಂಗಾಂಗಗಳು ಬದಲಾದರೂ ಆಹಾರ, ಒತ್ತಡ, ಬೆಂಕಿ ಎಂಬ ಮೂರು ಪ್ರಶ್ನೆಗಳು ಬದಲಾಗಿಲ್ಲ.

ಪರೀಕ್ಷೆಗೂ ಮೊದಲು ಕೈತಡೆಯಬೇಕಾದ ಸಂದರ್ಭವೊಂದಿದೆ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೯೪೪ ಮಿಲಿಮೀಟರು ಮಳೆ ಬಿದ್ದು ಈ ನಗರವು ಮುಳುಗಿದುದನ್ನು ಹಿರಿಯರು ಮರೆತಿಲ್ಲ. ನೆರೆಯಲ್ಲಿ ಮುಳುಗಿದ್ದ ಗಾಡಿಯನ್ನು ಕೂಡಲೇ ತುಳಿಯಲೂಬಾರದು, ಗುಂಡಿಯನ್ನು ಒತ್ತಲೂಬಾರದು. ಗಾಳಿಯಂತೆ ನೀರು ಅಮುಕಲ್ಪಡುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ನನ್ನು ಹಿಡಿದಿರುವ ಕಂಬಿಯೇ ಬಾಗೀತು. ಮೊದಲು ಮೇಸ್ತ್ರಿಯಿಂದ ಪ್ಲಗ್ಗನ್ನು ತೆಗೆಸಿ ನೀರನ್ನು ಹೊರಹಾಕಿಸಿ, ಎಣ್ಣೆಯನ್ನೂ ಬದಲಾಯಿಸಬೇಕು.

ಆ ದಿನ ನಮ್ಮ ತರುಣನ ಅರ್ಧ ದಿನದ ಗಳಿಕೆ ಹೋಯಿತು, ಇನ್ನರ್ಧ ಉಳಿಯಿತು. ಮೊದಲೇ ಕ್ರಮವಾಗಿ ಕೇಳಿದ್ದರೆ ಪ್ಲಗ್ಗಿನ ಹಣವೂ ಬೆಳಗಿನ ಹೊತ್ತೂ ಉಳಿಯುತ್ತಿದ್ದವು. ಯಂತ್ರಕ್ಕೆ ಕೋಪವೂ ಇಲ್ಲ, ಹಟವೂ ಇಲ್ಲ. ಕೇಳಿದ ಪ್ರಶ್ನೆಗೆ ಅದು ಸುಳ್ಳು ಹೇಳುವುದಿಲ್ಲ. ಮುಂದಿನ ಮಳೆಗಾಲದಲ್ಲಿ ನಮ್ಮ ಮಿತ್ರರ ಅಂಗಳದಲ್ಲಿ ಯಾರಾದರೂ ಬೆವರುತ್ತ ತುಳಿಯುತ್ತಿದ್ದರೆ, ಹತ್ತಿರ ಹೋಗಿ, "ನಿನ್ನೆ ರಾತ್ರಿ ಗಾಡಿ ಎಲ್ಲಿತ್ತು?" ಎಂದು ವಿನಯದಿಂದ ಕೇಳಿ ನೋಡಲಿ.