ಮೂಗಿಗೆ ಸಿಕ್ಕ ಆರ್ಕಿಡ್

ಮಲೆನಾಡಿನವರಿಗೆ ಆರ್ಕಿಡ್ ಎಂದರೆ ಮರದ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ಸೀತಾಳೆದಂಡೆ. ಆ ಹೂವನ್ನೇ ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಪ್ಲಾಟಾಂಥೆರಾ ಯೋಸೆಮಿಟೆನ್ಸಿಸ್ ಕೂಡ ಆರ್ಕಿಡ್ ಎಂದು ನಂಬುವುದು ಕಷ್ಟ. ಇದು ಮರ ಹತ್ತುವುದಿಲ್ಲ. ಜೌಗು ಹುಲ್ಲುಗಾವಲಿನಲ್ಲಿ ನೆಟ್ಟಗೆ ನಿಂತ ಸಪೂರ ದಂಟು, ಅದರ ಸುತ್ತ ಪೆನ್ಸಿಲ್ ತುದಿಯ ರಬ್ಬರಿನಷ್ಟೇ ಅಗಲದ ಹಳದಿ ಹೂಗಳು, ಅಷ್ಟೆ. ಕಣ್ಣು ಸುಲಭವಾಗಿ ಇದನ್ನು ದಾಟಿ ಮುಂದೆ ಹೋಗುತ್ತದೆ. ಮೂಗು ಹಾಗೆ ದಾಟಲಾರದು.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿರುವ ಯೋಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಸಸ್ಯವಿಜ್ಞಾನಿ ಆಲಿಸನ್ ಕೋಲ್ವೆಲ್ ಒಂದು ಮಧ್ಯಾಹ್ನ ಕ್ಲೋವರ್ ಗಿಡಗಳ ಸಮೀಕ್ಷೆ ಮಾಡುತ್ತಿದ್ದರು. ಎಲ್ಲಿಂದಲೋ ಕೆಟ್ಟ ವಾಸನೆ ಬಂತು. ಬೆವರಿದ ಪಾದಗಳದ್ದೋ, ಬಿಸಿಲಿಗೆ ಕಾದ ಕುದುರೆ ಲಾಯದ್ದೋ ಎನ್ನಬಹುದಾದ ವಾಸನೆ. ಅದರ ಬೆನ್ನು ಹತ್ತಿದಾಗ ಸಿಕ್ಕಿದ್ದು ಈ ಪುಟ್ಟ ಹೂವು.

ಆದರೆ ಇದನ್ನು ಮೊದಲು ಕಂಡವರು ಕೋಲ್ವೆಲ್ ಅಲ್ಲ. 1923ರಲ್ಲೇ ಜಾರ್ಜ್ ಹೆನ್ರಿ ಗ್ರಿನೆಲ್ ಎಂಬವರು ಇದೇ ಉದ್ಯಾನದಲ್ಲಿ ಇದನ್ನು ಕಿತ್ತು, ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದ್ದರು. ಹಾಳೆ ಒಣಗಿಸಿದ ಗಿಡಗಳ ಸಂಗ್ರಹವಾದ ಹರ್ಬೇರಿಯಂ ಸೇರಿತು, ಮರೆತೂ ಹೋಯಿತು. 70 ವರ್ಷಗಳ ನಂತರ, 1993ರಲ್ಲಿ, ಸಸ್ಯಶಾಸ್ತ್ರಜ್ಞರು ಈ ಗಿಡವನ್ನು ಬೆಟ್ಟದಲ್ಲಿ ಮತ್ತೆ ಹುಡುಕಿ ಕಂಡುಕೊಂಡರು. ಆಗಲೂ ಅದಕ್ಕೆ ಸ್ವಂತ ಹೆಸರು ಸಿಗಲಿಲ್ಲ. ದೂರದ ರಾಕಿ ಪರ್ವತಗಳ ದಕ್ಷಿಣ ಭಾಗದಲ್ಲಿ ಬೆಳೆಯುವ ಪ್ಲಾಟಾಂಥೆರಾ ಪರ್ಪುರಾಸೆನ್ಸ್ ಎಂಬ ನೆಂಟನ ಹೆಸರಿನಲ್ಲೇ ಅದನ್ನು ಕರೆದರು.

ಹೊಸ ಪ್ರಭೇದದ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಒಂದು ಗಿಡ ಬೇರೆಯಾಗಿ ಕಂಡರೆ ಸಾಲದು. ಬಿಸಿಲು, ನೀರು, ಮಣ್ಣು ಬದಲಾದರೆ ಒಂದೇ ಪ್ರಭೇದದ ಗಿಡಗಳೂ ಬೇರೆಯಾಗಿ ಕಾಣುತ್ತವೆ. ಹೂವಿನ ತುಟಿಯ ಆಕಾರ, ಮಕರಂದದ ಕೊಂಬಿನ ಅಳತೆ, ಗಂಡು ಹೆಣ್ಣು ಭಾಗಗಳು ಕೂಡಿಕೊಂಡ ಕಂಬದ ರಚನೆ ಇವನ್ನೆಲ್ಲ ಹಲವು ಗಿಡಗಳಲ್ಲಿ ಅಳೆದು, ಹತ್ತಿರದ ನೆಂಟರ ಜತೆ ಹೋಲಿಸಬೇಕು. ವ್ಯತ್ಯಾಸ ಎಲ್ಲ ಕಡೆಯೂ ಉಳಿಯುತ್ತದೆಯೇ, ನಡುವಿನ ರೂಪಗಳು ಸಿಗುತ್ತವೆಯೇ ಎಂದು ನೋಡಬೇಕು. ಆಮೇಲೆ ಒಂದು ಒಣಗಿದ ಗಿಡವನ್ನು ‘ಟೈಪ್’ ಎಂದು ಗೊತ್ತುಮಾಡಿ ಹರ್ಬೇರಿಯಂನಲ್ಲಿ ಇಡಬೇಕು. ಮುಂದೆ ಯಾರಿಗೇ ಅನುಮಾನ ಬಂದರೂ ಆ ಹೆಸರಿಗೆ ಸಾಕ್ಷಿ ಅದೊಂದೇ. ಆ ಕಾಲದ ನಿಯಮದಂತೆ ವಿವರಣೆ ಲ್ಯಾಟಿನ್‌ನಲ್ಲೂ ಇರಲೇಬೇಕಿತ್ತು. ಆ ಕಡ್ಡಾಯ 2012ರಿಂದ ಹೋಯಿತು. ಕೋಲ್ವೆಲ್, ಚಾರ್ಲ್ಸ್ ಶೆವಿಯಾಕ್ ಮತ್ತು ಪೆಗಿ ಮೂರ್ ಈ ಕೆಲಸ ಮುಗಿಸಿ 2007ರಲ್ಲಿ ‘ಮಡ್ರೋನ್ಯೊ’ ಪತ್ರಿಕೆಯಲ್ಲಿ ಹೆಸರನ್ನು ಪ್ರಕಟಿಸಿದರು. ಗ್ರಿನೆಲ್ ಗಿಡ ಕಿತ್ತು 84 ವರ್ಷಗಳಾಗಿದ್ದವು.

ಈ ವಿಳಂಬ ಅಪರೂಪದ್ದಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೂಬಿಡುವ ಸಸ್ಯಗಳಲ್ಲಿ ಹೆಸರಿಡಬೇಕಾದವು ಇನ್ನೂ ಸುಮಾರು 70,000 ಇರಬಹುದೆಂದೂ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಹರ್ಬೇರಿಯಂಗಳ ಕಪಾಟು ಸೇರಿವೆಯೆಂದೂ ಅಂದಾಜಿಸಿತು. ಹಾಳೆಗಳಿವೆ, ಬಿಡಿಸಿ ನೋಡುವ ಪರಿಣತರು ಸಾಲದು. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಗ್ರಿನೆಲ್ ಅವರ ಹಾಳೆಯ ಮುಂದೆ ಎಷ್ಟು ಹೊತ್ತು ಕುಳಿತರೂ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಗಿಡ ಒಣಗಿದಾಗ ಆಕಾರ ಉಳಿಯುತ್ತದೆ, ಬಣ್ಣ ಮಾಸುತ್ತದೆ, ವಾಸನೆ ಹೋಗುತ್ತದೆ. ಹೂವಿಗೆ ಮಾತ್ರ ವಾಸನೆಯೇ ಜೀವಾಳ. ನೊಣ, ಸೊಳ್ಳೆಗಳಂಥ ಕೀಟಗಳನ್ನು ಪರಾಗಸ್ಪರ್ಶಕ್ಕೆ ಕರೆಯುವ ಉಪಾಯ ಇದು ಎಂಬುದು ವಿಜ್ಞಾನಿಗಳ ಊಹೆ. ಊಹೆಗೆ ಆಧಾರವೂ ಇದೆ: ಇದೇ ಕುಲದ ಪ್ಲಾಟಾಂಥೆರಾ ಒಬ್ಟುಸಾಟಾಕ್ಕೆ ಸೊಳ್ಳೆಗಳೇ ಪರಾಗ ಹೊರುತ್ತವೆ. ಮಕರಂದಕ್ಕೆ ತಲೆ ಹಾಕಿದ ಸೊಳ್ಳೆಯ ಕಣ್ಣಿಗೆ ಹಳದಿ ಪರಾಗದ ಗಂಟು ಅಂಟಿಕೊಳ್ಳುತ್ತದೆ. ಆ ಹೂವು ಬಿಡುವ ನೊನನಾಲ್ ಎಂಬ ರಾಸಾಯನಿಕ ನಮ್ಮ ಮೈವಾಸನೆಯಲ್ಲೂ ಇದೆ!

ಯೋಸೆಮಿಟಿಯ ಈ ಆರ್ಕಿಡ್ ಹೆಸರು ಪಡೆದಾಗ ಅದು ಗೊತ್ತಿದ್ದುದು ಒಂಬತ್ತು ಜಾಗಗಳಲ್ಲಿ, ಎಲ್ಲವೂ ಉದ್ಯಾನದೊಳಗೆ, ಸುಮಾರು 1,800ರಿಂದ 2,700 ಮೀಟರ್ ಎತ್ತರದಲ್ಲಿ. ಹಿಮಯುಗದಲ್ಲಿ ಹಿಮನದಿಗಳು ಸುತ್ತಲಿನ ಕಣಿವೆಗಳನ್ನು ಉಜ್ಜಿ ಬೋಳಿಸಿದಾಗ, ಅವು ತಲುಪದೆ ಬಿಟ್ಟ ಗ್ರಾನೈಟ್ ಎತ್ತರಗಳಿವು. ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುವ ಉದ್ಯಾನ ಅದು. ಆರ್ಕಿಡ್ ಕದಿಯುವವರೂ ಇದ್ದಾರೆ. ಅದಕ್ಕೇ ಆ ಹುಲ್ಲುಗಾವಲುಗಳು ಎಲ್ಲಿವೆಯೆಂದು ವಿಜ್ಞಾನಿಗಳು ಜನರಿಗೆ ತಿಳಿಸಲಿಲ್ಲ.