ಹುಳುಮನೆಯ ಉಷ್ಣವನ್ನಳೆಯುವ ಡಿಜಿಟಲ್ ಪರೀಕ್ಷಾ ಫಲಕ: ಅದರ ಜೋಡಣೆಯೂ ಉಪಯೋಗವೂ

ರೇಷ್ಮೆಹುಳುವಿಗೆ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಹುಳುಮನೆಯ ಗಾಳಿಯು ಎಷ್ಟು ಬೆಚ್ಚಗಿರುವುದೋ ಹುಳುವಿನ ಮೈಯೂ ಹೆಚ್ಚುಕಡಮೆ ಅಷ್ಟೇ ಬೆಚ್ಚಗಿರುವುದು. ಅದು ಸೊಪ್ಪನ್ನು ಮೇಯುವುದೂ, ಅರಗಿಸಿಕೊಳ್ಳುವುದೂ, ಜ್ವರಕ್ಕೆ ಹೋಗಿ ಏಳುವುದೂ ಎಲ್ಲವೂ ಈ ಉಷ್ಣವನ್ನೇ ಅನುಸರಿಸಿ ನಡೆಯುವುವು. ಆದಕಾರಣ ಹುಳು ಮೇಯಿಸುವವರು ಸೊಪ್ಪಿನ ವಿಷಯದಲ್ಲಿ ಎಷ್ಟು ಎಚ್ಚರದಿಂದಿರುವರೋ ಉಷ್ಣದ ವಿಷಯದಲ್ಲಿಯೂ ಅಷ್ಟೇ ಎಚ್ಚರದಿಂದಿರತಕ್ಕದ್ದು.

ಮೊದಲನೆಯ ಹಂತದ ಚಾಕಿ ಹುಳುಗಳಿಗೆ 28 ಡಿಗ್ರಿ ಸೆಂಟಿಗ್ರೇಡ್ ಉಷ್ಣವು ಹಿತಕರವಾದುದು. ಎರಡನೆಯ ಹಂತಕ್ಕೆ 27, ಮೂರನೆಯದಕ್ಕೆ 26, ನಾಲ್ಕನೆಯದಕ್ಕೆ 25, ಐದನೆಯದಕ್ಕೆ 24 ಡಿಗ್ರಿಗಳು ಸಾಕು. ಹಂತಕ್ಕೆ ಒಂದು ಡಿಗ್ರಿಯಂತೆ ಇಳಿಸುತ್ತ ಬರಬೇಕೆಂಬುದನ್ನು ಓದುಗರು ಮುಖ್ಯವಾಗಿ ಗಮನಿಸಬೇಕು. ಗೋಡೆಗೆ ತೂಗುಹಾಕಿದ ಮಾಪಕವು ಎರಡು ಡಿಗ್ರಿ ಕಡಮೆ ತೋರಿಸುವುದಾದರೆ, ಐದನೆಯ ಹಂತದ ಹುಳುವನ್ನು ಮೂರನೆಯ ಹಂತದ ಶಾಖದಲ್ಲಿ ಇಟ್ಟಂತಾಗುವುದು. ಮನೆಯ ಯಜಮಾನನಾದರೋ ಎಲ್ಲವೂ ಸರಿಯಾಗಿದೆಯೆಂದೇ ನಂಬಿರುವನು.

ಈ ತಪ್ಪಿನ ಬೆಲೆ ಅಲ್ಪವಾದುದಲ್ಲ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗಕ್ಕಿಂತಲೂ ಹೆಚ್ಚನ್ನು ಐದನೆಯ ಹಂತದಲ್ಲಿಯೇ ತಿನ್ನುವುದು. ಆ ಹಂತದಲ್ಲಿ ಸೆಕೆಯೇರಿ ಸಪ್ಪೆರೋಗವು ತಗುಲಿದರೆ, ಸೊಪ್ಪಿನ ಖರ್ಚು, ಕೂಲಿಯ ಖರ್ಚು, ಮನೆಮಂದಿಯ ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಮುಗಿದ ಮೇಲೆ ಬೆಳೆ ಕೈಬಿಟ್ಟಂತಾಗುವುದು. ಶೀತವೂ ತೇವವೂ ಹೆಚ್ಚಿದರೆ ಸುಣ್ಣಕಟ್ಟು ರೋಗದ ಭಯವುಂಟು. ಹಿಂದಿನ ಮೈಸೂರು ನಾಟಿ ತಳಿಯು ಹವೆಯ ಏರಿಳಿತವನ್ನು ಬಹುಮಟ್ಟಿಗೆ ಸಹಿಸುತ್ತಿದ್ದಿತು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾಲಯವು ಬೆಳೆಸಿಕೊಟ್ಟ ಸಿ.ಎಸ್.ಆರ್. 2, ಸಿ.ಎಸ್.ಆರ್. 4 ಮೊದಲಾದ ದ್ವಿತಳಿಗಳು ಒಳ್ಳೆಯ ನೂಲನ್ನು ಕೊಡುವುವು; ಆದರೆ ಅವುಗಳಿಗೆ ಆ ಸಹನೆ ಸಾಲದು.

ಊರಿಗೊಂದು ಒರೆಗಲ್ಲು

ಪೇಟೆಯಲ್ಲಿ ಈಗ ಅಂಕಿ ತೋರಿಸುವ ಅಗ್ಗದ ಉಷ್ಣಮಾಪಕಗಳು ಧಾರಾಳವಾಗಿ ದೊರೆಯುವುವು. ಒಂದೇ ಅಂಗಡಿಯಿಂದ ಮೂರನ್ನು ತಂದು ಒಂದೇ ಕಡೆ ಇಟ್ಟರೂ ಮೂರು ಬೇರೆ ಬೇರೆ ಅಂಕಿಗಳು ಕಾಣಬಹುದು. ಅವುಗಳಲ್ಲಿ ಯಾವುದನ್ನು ನಂಬಬೇಕು? ಅಳತೆಯ ವಿಷಯದಲ್ಲಿ ನಮ್ಮ ಗ್ರಾಮಗಳಿಗೆ ಈ ಪ್ರಶ್ನೆ ಹೊಸದಲ್ಲ. ಹಿಂದೆ ವರ್ತಕನ ಸೇರಿನ ಮೇಲೆ ಸಂಶಯ ಬಂದಾಗ ಮುದ್ರೆಯೊತ್ತಿದ ಸೇರಿನೊಡನೆ ಅದನ್ನು ಅಳೆದು ನೋಡುವುದು ರೂಢಿಯಾಗಿದ್ದಿತು. ಉಷ್ಣಕ್ಕೂ ಅಂತಹ ಒಂದು ಮುದ್ರೆಯ ಸೇರು ಊರಿನಲ್ಲಿದ್ದರೆ ಉಳಿದ ಮಾಪಕಗಳ ನಿಜವೂ ಸುಳ್ಳೂ ತಾನಾಗಿ ಬಯಲಾಗುವುದು. ಡಿಜಿಟಲ್ ಉಷ್ಣ ಸೆನ್ಸರಿನ ಪರೀಕ್ಷಾ ಫಲಕವು ಈ ಕೆಲಸಕ್ಕೆ ತಕ್ಕ ಸಾಧನ.

ಫಲಕದ ಅಂಗಗಳು

ಸೆನ್ಸರ್ ಎಂದರೆ ಸುತ್ತಲಿನ ಉಷ್ಣವನ್ನು ತನ್ನೊಳಗೇ ಅಂಕಿಯಾಗಿ ಮಾರ್ಪಡಿಸಿ ತಂತಿಯ ಮೂಲಕ ಕಳುಹಿಸುವ ಒಂದು ಸಣ್ಣ ಚಿಪ್ಪು. ಅದನ್ನು ಕೊಳ್ಳುವವರು ಮೊದಲು ಪರೀಕ್ಷಿಸಿ ನೋಡಲೆಂದು ತಯಾರಕರೇ ಅದನ್ನು ಒಂದು ಫಲಕದ ಮೇಲೆ ಕೂಡಿಸಿ ಮಾರುವರು. ಉದಾಹರಣೆಗೆ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಟಿ.ಎಂ.ಪಿ. 117 ಎಂಬ ಸೆನ್ಸರನ್ನು ತೆಗೆದುಕೊಳ್ಳಬಹುದು. ಸೊನ್ನೆಯ ಕೆಳಗೆ 20 ಡಿಗ್ರಿಯಿಂದ ಮೇಲೆ 50 ಡಿಗ್ರಿಯವರೆಗೆ ಇದರ ತಪ್ಪು ಡಿಗ್ರಿಯ ಹತ್ತನೆಯ ಒಂದು ಪಾಲನ್ನು ಮೀರುವುದಿಲ್ಲವೆಂದು ತಯಾರಕರು ಹೊಣೆ ಹೊತ್ತಿರುವರು. ಹುಳುಮನೆಯ ಉಷ್ಣವೆಲ್ಲವೂ ಈ ಮಿತಿಯೊಳಗೇ ಇರುವುದು.

ಇದರ ಪರೀಕ್ಷಾ ಫಲಕವು ಪೆನ್‌ಡ್ರೈವಿನ ಆಕಾರದಲ್ಲಿರುವುದು. ಒಂದು ತುದಿಯಲ್ಲಿ ಕಂಪ್ಯೂಟರಿಗೆ ಚುಚ್ಚುವ ಯು.ಎಸ್.ಬಿ. ಮೊನೆಯೂ ಅಂಕಿಗಳನ್ನು ಸಾಗಿಸುವ ನಿಯಂತ್ರಕವೂ, ಇನ್ನೊಂದು ತುದಿಯಲ್ಲಿ ಸೆನ್ಸರೂ ಇರುವುವು. ನಡುವೆ ಸಾಲಾಗಿ ರಂಧ್ರಗಳನ್ನು ಕೊರೆದಿರುವರು. ಬೇಕಾದಾಗ ಸೆನ್ಸರಿನ ತುಂಡನ್ನು ಮುರಿದು ಬೇರ್ಪಡಿಸಿ, ತಂತಿಗಳಿಂದ ಜೋಡಿಸಿ, ದೂರವಿಡಲು ಇದು ಅನುಕೂಲ.

ಜೋಡಿಸುವ ಕ್ರಮ

ಒಣಹವೆಯಲ್ಲಿ ಮನುಷ್ಯನ ಮೈಮೇಲೆ ಶೇಖರವಾಗುವ ವಿದ್ಯುತ್ತು ಚಿಪ್ಪನ್ನು ಕೆಡಿಸಬಲ್ಲದು. ಆದ್ದರಿಂದ ಫಲಕವನ್ನು ಹಿಡಿಯುವ ಮುನ್ನ ನೆಲಕ್ಕೆ ತಾಗಿರುವ ಕಬ್ಬಿಣದ ಕಿಟಕಿಯ ಸರಳನ್ನೋ ನೀರಿನ ಕೊಳಾಯಿಯನ್ನೋ ಒಮ್ಮೆ ಮುಟ್ಟಬೇಕು. ಫಲಕವನ್ನು ಅಂಚಿನಿಂದಲೇ ಹಿಡಿಯಬೇಕು.

ಕಂಪೆನಿಯು ಒದಗಿಸುವ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ತೆರೆದು ಫಲಕವನ್ನು ಚುಚ್ಚಿದರೆ ತೆರೆಯ ಮೇಲೆ ಉಷ್ಣದ ಅಂಕಿಯು ಮೂಡುವುದು. ಸೆನ್ಸರಿನ ಮೇಲೆ ಬೆರಳಿಟ್ಟರೆ ಅಂಕಿ ಏರಬೇಕು, ತೆಗೆದರೆ ಇಳಿಯಬೇಕು. ಏರದಿದ್ದರೆ ಚುಚ್ಚುವಿಕೆಯಲ್ಲಿ ದೋಷವಿದೆಯೆಂದು ತಿಳಿಯಬೇಕು. ಕೆಲವೊಮ್ಮೆ ತೆರೆಯ ಮೇಲೆ ಚಿಪ್ಪಿನ ಮೂಲ ಎಣಿಕೆಯೇ ಕಾಣುವುದುಂಟು. ಈ ಚಿಪ್ಪಿನಲ್ಲಿ 128 ಎಣಿಕೆಗೆ ಒಂದು ಡಿಗ್ರಿ; ಎಂದರೆ 3200 ಎಂಬ ಎಣಿಕೆಯು ಸರಿಯಾಗಿ 25 ಡಿಗ್ರಿಯಾಗುವುದು.

ಫಲಕವನ್ನು ನೇರವಾಗಿ ಕಂಪ್ಯೂಟರಿನ ಪಕ್ಕಕ್ಕೆ ಚುಚ್ಚಿ ಅಳೆಯುವುದು ಮೊದಲನೆಯ ದೊಡ್ಡ ತಪ್ಪು. ಕಂಪ್ಯೂಟರು ಬಿಸಿ ಗಾಳಿಯನ್ನು ಹೊರಹಾಕುವುದು. ಆಗ ಅಳತೆಯಾಗುವುದು ಕಂಪ್ಯೂಟರಿನ ಉಷ್ಣವೇ ಹೊರತು ಹುಳುಮನೆಯದಲ್ಲ. ಯು.ಎಸ್.ಬಿ. ಉದ್ದತಂತಿಯೊಂದರಿಂದ ಫಲಕವನ್ನು ದೂರವಿಡುವುದು ಸುಲಭವಾದ ಪರಿಹಾರ. ಸೆನ್ಸರಿನ ತುಂಡನ್ನು ಬೇರ್ಪಡಿಸುವುದು ಇನ್ನೂ ಉತ್ತಮ. ಎರಡು ತುಂಡುಗಳ ನಡುವೆ ವಿದ್ಯುತ್ತಿಗೆ ಒಂದು, ಭೂಮಿಗೆ ಒಂದು, ಅಂಕಿಗೆ ಒಂದು, ತಾಳಕ್ಕೆ ಒಂದು, ಹೀಗೆ ನಾಲ್ಕು ತಂತಿಗಳನ್ನು ಬೆಸೆಯಬೇಕು. ಮೊಬೈಲು ರಿಪೇರಿ ಮಾಡುವ ಯಾವನಾದರೂ ಈ ಬೆಸುಗೆಯನ್ನು ಮಾಡಬಲ್ಲನು. ತಂತಿಯು ಒಂದು ಮೊಳವನ್ನು ಮೀರದಿರುವುದು ಕ್ಷೇಮ. ಬಹಳ ಉದ್ದವಾದರೆ ಅಂಕಿಗಳು ದಾರಿಯಲ್ಲಿ ಕೆಡುವುವು.

ಮಂಜುಗಡ್ಡೆಯ ಪರೀಕ್ಷೆ

ಒರೆಗಲ್ಲನ್ನೂ ಒಮ್ಮೆ ಒರೆದು ನೋಡಬೇಕಷ್ಟೆ. ಕರಗುತ್ತಿರುವ ಶುದ್ಧ ಮಂಜುಗಡ್ಡೆಯ ಉಷ್ಣವು ಸೊನ್ನೆ ಡಿಗ್ರಿ. ಕುದಿಯುವ ನೀರು ಈ ಕೆಲಸಕ್ಕೆ ಬಾರದು. ಊರು ಸಮುದ್ರಮಟ್ಟದಿಂದ ಎತ್ತರವಾದಷ್ಟೂ ನೀರು ಕಡಮೆ ಉಷ್ಣದಲ್ಲಿಯೇ ಕುದಿಯುವುದು. ಬೆಂಗಳೂರಿನಲ್ಲಿ ಅದು 100 ಡಿಗ್ರಿಯಲ್ಲಲ್ಲ, ಸುಮಾರು 97 ಡಿಗ್ರಿಯಲ್ಲಿ ಕುದಿಯುವುದು.

ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರಿನಿಂದ ಗಡ್ಡೆ ಕಟ್ಟಿಸಿ, ನುಣ್ಣಗೆ ಕುಟ್ಟಿ, ಅಗಲಬಾಯಿಯ ಥರ್ಮಾಸ್ ಫ್ಲಾಸ್ಕಿನಲ್ಲಿ ತಳದಿಂದ ಬಾಯಿಯವರೆಗೂ ಒತ್ತೊತ್ತಾಗಿ ತುಂಬಬೇಕು. ಸಂದುಗಳು ಮುಚ್ಚುವಷ್ಟು ಮಾತ್ರ ಅದೇ ನೀರನ್ನು ಹಾಕಬೇಕು. ತಳದಲ್ಲಿ ಬರಿಯ ನೀರು ನಿಲ್ಲಗೊಡಬಾರದು. ನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರವಾದ್ದರಿಂದ ಬೆಚ್ಚನೆಯ ನೀರೇ ಕೆಳಗಿಳಿದು ಅಳತೆಯನ್ನು ಕೆಡಿಸುವುದು. ಉಪ್ಪಿನ ಸೋಂಕೂ ಕೂಡದು. ಉಪ್ಪು ಬೆರೆತ ಗಡ್ಡೆಯು ಸೊನ್ನೆಗಿಂತಲೂ ಕೆಳಗಿಳಿಯುವುದು.

ಸೆನ್ಸರಿನ ತುಂಡಿಗೆ ನೀರು ತಾಕಬಾರದು. ಅದನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಳಗಿನ ಗಾಳಿಯನ್ನು ಒತ್ತಿ ತೆಗೆದು, ಬಾಯಿಯನ್ನು ಬಿಗಿಯಾಗಿ ಕಟ್ಟಿ, ತಂತಿಯೂ ನಾಲ್ಕು ಬೆರಳು ಮುಳುಗುವಂತೆ ಗಡ್ಡೆಯ ನಡುವೆ ಹುದುಗಿಸಬೇಕು. ಹದಿನೈದು ನಿಮಿಷ ಕಾದು, ಅಂಕಿಯು ನಿಶ್ಚಲವಾದ ಮೇಲೆ ಓದಬೇಕು. ಸೊನ್ನೆಯಿಂದ ಡಿಗ್ರಿಯ ಹತ್ತರಲ್ಲಿ ಎರಡು ಪಾಲಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಫಲಕವನ್ನು ದೂರುವ ಮುನ್ನ ಗಡ್ಡೆಯನ್ನು ಬದಲಾಯಿಸಿ ಮತ್ತೊಮ್ಮೆ ನೋಡತಕ್ಕದ್ದು.

ಇತರ ಮಾಪಕಗಳನ್ನು ಒರೆಗೆ ಹಚ್ಚುವುದು

ಹುಳುಮನೆಯಲ್ಲಿ ಸದಾ ಇಡಲು ಡಿ.ಎಸ್. 18ಬಿ20 ಎಂಬ ಸೆನ್ಸರನ್ನು ಉಕ್ಕಿನ ಕೊಳವೆಯಲ್ಲಿ ಮುಚ್ಚಿ, ನೀರು ತಾಕದಂತೆ ಮಾಡಿ ಮಾರುವುದುಂಟು. ಇದು ಅಗ್ಗವಾದುದು, ಉದ್ದವಾದ ತಂತಿಯನ್ನೂ ಸಹಿಸುವುದು. ಇದು ಡಿಗ್ರಿಯ ಹದಿನಾರನೆಯ ಪಾಲಿನಷ್ಟು ಸಣ್ಣ ಏರಿಳಿತವನ್ನೂ ತೋರಿಸಬಲ್ಲದು. ಆದರೆ ನಿಜವಾದ ಉಷ್ಣದಿಂದ ಅರ್ಧ ಡಿಗ್ರಿಯಷ್ಟು ಅತ್ತಿತ್ತ ಇರಬಹುದೆಂದು ತಯಾರಕರೇ ಒಪ್ಪಿರುವರು. ಸೂಕ್ಷ್ಮತೆ ಬೇರೆ, ಸತ್ಯತೆ ಬೇರೆ. ದಶಾಂಶದ ಮುಂದೆ ನಾಲ್ಕು ಅಂಕಿಗಳಿದ್ದ ಮಾತ್ರಕ್ಕೆ ಅಳತೆ ನಿಜವಾಗುವುದಿಲ್ಲ. ಇದರ ಹೆಸರಿನಲ್ಲಿ ನಕಲಿ ಚಿಪ್ಪುಗಳೂ ಪೇಟೆಗೆ ಬಂದಿರುವುದರಿಂದ ಪರೀಕ್ಷೆಯಿಲ್ಲದೆ ಯಾವುದನ್ನೂ ನಂಬಕೂಡದು. ವಿದ್ಯುತ್ತು ಕೊಟ್ಟೊಡನೆ ಇದು 85 ಡಿಗ್ರಿ ಎಂದು ತೋರಿಸಿದರೆ ಗಾಬರಿಗೊಳ್ಳಬೇಕಾಗಿಲ್ಲ. ಅಳತೆಯು ಇನ್ನೂ ನಡೆದಿಲ್ಲವೆಂದು ಮಾತ್ರ ಅದರ ಅರ್ಥ.

ಪರೀಕ್ಷೆಗಾಗಿ ಒಂದು ಬಕೆಟ್ಟಿನಲ್ಲಿ ಸುಮಾರು 26 ಡಿಗ್ರಿಯ ಉಗುರುಬೆಚ್ಚನೆಯ ನೀರನ್ನು ತುಂಬಿ, ಚೀಲದೊಳಗಿನ ಫಲಕದ ಸೆನ್ಸರನ್ನೂ ಊರಿನವರ ಕೊಳವೆಗಳನ್ನೂ ಒಂದೇ ಕಟ್ಟಾಗಿ ಕಟ್ಟಿ ಮುಳುಗಿಸಿ, ನೀರನ್ನು ಕದಡುತ್ತಿರಬೇಕು. ಹತ್ತು ನಿಮಿಷದ ತರುವಾಯ ಎಲ್ಲವನ್ನೂ ಒಟ್ಟಿಗೆ ಓದಿ, ಫಲಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಮೆ ಎಂಬುದನ್ನು ಪ್ರತಿಯೊಂದು ಕೊಳವೆಗೂ ಚೀಟಿ ಅಂಟಿಸಿ ಬರೆಯಬೇಕು. ‘ಅರ್ಧ ಕಳೆಯಬೇಕು’ ಎಂಬ ಚೀಟಿಯಿರುವ ಅಗ್ಗದ ಮಾಪಕವು ಚೀಟಿಯಿಲ್ಲದ ದುಬಾರಿ ಮಾಪಕಕ್ಕಿಂತ ಮೇಲು. ನೀರಿಗೆ ಇಳಿಸಲಾಗದ ಮಾಪಕಗಳನ್ನು ಫಲಕದ ಮಗ್ಗುಲಲ್ಲಿಯೇ ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಗಂಟೆಯ ಕಾಲವಿಟ್ಟು ಹೋಲಿಸಬಹುದು.

ಹುಳುಮನೆಯಲ್ಲಿ ಇಡತಕ್ಕ ಸ್ಥಳ

ಸರಿಯಾದ ಮಾಪಕವೂ ತಪ್ಪು ಸ್ಥಳದಲ್ಲಿದ್ದರೆ ಸುಳ್ಳು ಹೇಳುವುದು. ಹುಳುವಿರುವ ತಟ್ಟೆಯ ಅಥವಾ ಅಟ್ಟಣೆಯ ಮಟ್ಟದಲ್ಲಿಯೇ ಅದನ್ನು ತೂಗುಬಿಡಬೇಕು, ಗೋಡೆಗೆ ತಾಗಿಸಬಾರದು. ಕಿಟಕಿಯ ಬಿಸಿಲು, ಇದ್ದಿಲ ಒಲೆ, ವಿದ್ಯುತ್ ಹೀಟರು, ದೀಪ ಇವುಗಳ ನೇರವಾದ ಶಾಖವು ಅದಕ್ಕೆ ಬೀಳಕೂಡದು. ಬಿಸಿ ಗಾಳಿ ಮೇಲೇರುವುದರಿಂದ ತಗಡಿನ ಮಾಳಿಗೆಯ ಮನೆಯಲ್ಲಿ ಮೇಲಿನ ಅಟ್ಟಣೆಗೂ ಕೆಳಗಿನದಕ್ಕೂ ವ್ಯತ್ಯಾಸವಿರುವುದು. ಮೇಲೊಂದು, ಕೆಳಗೊಂದು ಇಟ್ಟರೆ ಯಾವ ಹುಳುಗಳು ಕಷ್ಟದಲ್ಲಿವೆಯೆಂಬುದು ತಿಳಿಯುವುದು.

ಈ ಸಾಧನಗಳು ಉಷ್ಣವನ್ನಲ್ಲದೆ ತೇವವನ್ನು ಅಳೆಯಲಾರವು. ಆದರೆ ಎರಡು ಕೊಳವೆಗಳಲ್ಲಿ ಒಂದಕ್ಕೆ ಒದ್ದೆ ಬಟ್ಟೆಯನ್ನು ಸುತ್ತಿ ಗಾಳಿಯಾಡುವಂತೆ ಇಟ್ಟರೆ, ಎರಡರ ಅಂತರದಿಂದ ತೇವವನ್ನೂ ತಿಳಿಯಬಹುದು. 25 ಡಿಗ್ರಿಯ ಸುಮಾರಿನಲ್ಲಿ ಒಂದು ಡಿಗ್ರಿ ಅಂತರಕ್ಕೆ ತೇವವು ನೂರಕ್ಕೆ ಸುಮಾರು 8 ಭಾಗ ಕಡಮೆಯಾಗುವುದು. ಎರಡು ಕೊಳವೆಗಳೂ ಮೊದಲೇ ತಾಳೆಯಾಗಿರದಿದ್ದರೆ ಈ ಲೆಕ್ಕವು ವ್ಯರ್ಥ.

ಬೆಳೆ ಮುಗಿದು ಹುಳುಮನೆಯನ್ನು ಬ್ಲೀಚಿಂಗ್ ಪುಡಿಯಿಂದ ತೊಳೆಯುವ ಮುನ್ನ ಫಲಕವನ್ನು ಹೊರಗೆ ತರಲು ಮರೆಯಬಾರದು. ಅದರ ಹೊಗೆಯು ತಾಮ್ರದ ಗೆರೆಗಳನ್ನು ತಿನ್ನುವುದು. ಜ್ವರದ ಹುಳುಗಳಿಗೆ ಸುಣ್ಣದ ಪುಡಿ ಉದುರಿಸುವಾಗಲೂ ಅದನ್ನು ಮುಚ್ಚಿಡಬೇಕು.

ರಾತ್ರಿಯ ಲೆಕ್ಕ

ಹಗಲಿನ ಸೆಕೆಯನ್ನು ಮೈಯೇ ಹೇಳುವುದು. ಬೆಳಗಿನ ಜಾವದ ಚಳಿಯನ್ನು ಮಲಗಿದವನು ಅರಿಯನು. ಮಾಗಿಯ ದಿನಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆಗಳಲ್ಲಿ ಉಷ್ಣವು ಅತ್ಯಂತ ಕೆಳಗಿಳಿಯುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಆಗ ಹುಳುಗಳು ಮೇಯುವುದನ್ನು ನಿಲ್ಲಿಸುವುವು, ಜ್ವರವು ಹೆಚ್ಚುಕಡಮೆಯಾಗುವುದು, ಕೆಲವು ಹಣ್ಣಾದರೂ ಕೆಲವು ಇನ್ನೂ ಸೊಪ್ಪು ತಿನ್ನುತ್ತಿರುವುವು. ಚಂದ್ರಿಕೆಗೆ ಬಿಡುವಾಗ ಕಾಣುವ ಈ ಏರುಪೇರಿಗೆ ಕಾರಣವು ಹತ್ತು ದಿನಗಳ ಹಿಂದಿನ ಒಂದು ರಾತ್ರಿಯಲ್ಲಿ ಅಡಗಿರಬಹುದು. ಕಂಪ್ಯೂಟರಿಗೆ ಜೋಡಿಸಿದ ಫಲಕವು ರಾತ್ರಿಯೆಲ್ಲ ಅಂಕಿಗಳನ್ನು ಬರೆದಿಡುವುದರಿಂದ, ಒಂದೆರಡು ರಾತ್ರಿ ಹೀಗೆ ನೋಡಿದರೆ ಒಲೆಯನ್ನು ಯಾವ ಹೊತ್ತಿಗೆ ಹಚ್ಚಬೇಕೆಂಬುದು ನಿಶ್ಚಯವಾಗುವುದು. ವಿದ್ಯುತ್ತು ಕಡಿದರೆ ಲೆಕ್ಕವೂ ಕಡಿಯುವುದಾದ್ದರಿಂದ ದಿನಕ್ಕೆ ನಾಲ್ಕು ಬಾರಿ ಪುಸ್ತಕದಲ್ಲಿ ಬರೆದಿಡುವ ಹಳೆಯ ಪದ್ಧತಿಯನ್ನು ಬಿಡಬಾರದು.

ಪ್ರತಿಯೊಬ್ಬ ರೈತನೂ ಇಂತಹ ಫಲಕವನ್ನು ಕೊಳ್ಳಬೇಕಾದ ಅವಶ್ಯಕತೆಯಿಲ್ಲ. ಊರಿನ ಮುಖಂಡರೋ ಅನುಕೂಲಸ್ಥರಾದ ಭೂಮಾಲೀಕರೋ ಒಂದನ್ನು ತರಿಸಿ, ಒಣಗಿದ ಡಬ್ಬಿಯಲ್ಲಿ ಜೋಪಾನವಾಗಿಟ್ಟು, ಪ್ರತಿ ಬೆಳೆಗೂ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ಎಲ್ಲ ಮಾಪಕಗಳನ್ನೂ ಅದರೊಡನೆ ಹೋಲಿಸಿ ಚೀಟಿ ಅಂಟಿಸಿಕೊಟ್ಟರೆ ಸಾಕು. ಒಂದು ಬಕೆಟ್ಟು ನೀರು, ಒಂದು ಫ್ಲಾಸ್ಕು ಮಂಜುಗಡ್ಡೆ, ಒಂದು ಬೆಳಗಿನ ಶ್ರಮ ಇಷ್ಟರಿಂದ ಇಡೀ ಊರಿನ ಹುಳುಮನೆಗಳು ಒಂದೇ ಅಳತೆಯನ್ನು ಆಶ್ರಯಿಸಿದಂತಾಗುವುದು.